ಗುರುವಾರದ ಅಕ್ಕಿ

ನಿಮ್ಮ ಮನೆಯ ಅಕ್ಕಿ ಆ ಕುಕ್ಕರಿನಲ್ಲಿ ಬೇಯುತ್ತಿತ್ತು, ಸುಮತಿ. ಬೇಯುವುದಿಲ್ಲ ಎಂದು ನಿಮ್ಮ ಅತ್ತೆಗೆ ನಾನು ಹೇಳಿದ್ದು ಸುಳ್ಳು. ತಿಳಿಯದೆ ಹೇಳಿದ್ದಲ್ಲ, ಬಾಯಿ ತಪ್ಪಿ ಬಂದದ್ದೂ ಅಲ್ಲ — ಚೆನ್ನಾಗಿ ಗೊತ್ತಿದ್ದು, ನೀವು ಎದುರಿಗೇ ನಿಂತಿರುವಾಗ ಹೇಳಿದ ಸುಳ್ಳು. ಆ ಒಂದು ಮಾತಿನಿಂದ ನೀವು ಟೀಚರ್ ಆಗಲಿಲ್ಲ. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಡಬೇಕೆಂದು ಹಟ ಹಿಡಿದು ಕೂತಿದ್ದೇನೆ. ಹಿಂದೆ ಮೂರು ಸಲ ಬರೆಯಲು ಹೊರಟು, ಕ್ಷೇಮ ಸಮಾಚಾರ ವಿಚಾರಿಸಿ, ಅದು ಇದು ಗೀಚಿ, ವಿಷಯಕ್ಕೆ ಬರುವ ಮೊದಲೇ ಕಾಗದ ಹರಿದು ಹಾಕಿದ್ದೆ.

ನಿಮಗೆ ಗೊತ್ತಿರುವುದನ್ನೂ ಮತ್ತೆ ಬರೆಯುತ್ತೇನೆ, ಬೇಸರಿಸಬೇಡಿ. ಗೊತ್ತಿರುವುದರ ಪಕ್ಕದಲ್ಲೇ ನಿಮಗೆ ಗೊತ್ತಿಲ್ಲದ್ದೂ ಇತ್ತು. ಎರಡನ್ನೂ ಒಟ್ಟಿಗೆ ಇಡದಿದ್ದರೆ ನಾನು ಮಾಡಿದ್ದು ಎಂಥದ್ದು ಎಂದು ನಿಮಗೆ ಕಾಣುವುದಿಲ್ಲ.

ಹಂಪನಕಟ್ಟೆಯ ಆ ಅಂಗಡಿಗೆ ನಾನು ಸೇರಿದ್ದು ಐವತ್ತರ ದಶಕ ಮುಗಿಯುತ್ತ ಬಂದಾಗ. ಬತ್ತಿಯ ಸ್ಟವ್, ಗಾಳಿ ಹಾಕುವ ಸೀಮೆಎಣ್ಣೆ ಸ್ಟವ್, ಮರದ ಹುಡಿ ತುಂಬಿಸಿ ಉರಿಸುವ ಒಲೆ, ಕರೆಂಟಿನ ಹಾಟ್ ಪ್ಲೇಟು — ಇಷ್ಟು ನಮ್ಮ ಕಪಾಟಿನಲ್ಲಿ. ಪ್ರೆಶರ್ ಕುಕ್ಕರ್ ಆಮೇಲೆ ಬಂತು. ನಮ್ಮ ಧಣಿಗಳಿಗೆ ಗಂಡಸರೊಡನೆ ವ್ಯಾಪಾರ ಮಾಡಿ ಗೊತ್ತು. ಹೆಂಗಸರು ಬಂದರೆ ಪೇಪರಿನ ಹಿಂದೆ ಮುಖ ಅಡಗಿಸುವವರು. ಹಾಗಾಗಿ ಅವರಿಗೆ ಕಾನ್ವೆಂಟಿನಲ್ಲಿ ಓದಿದ, ನಾಲ್ಕು ಭಾಷೆ ಬರುವ, ಮದುವೆಯ ರಗಳೆ ಇಲ್ಲದ ಒಬ್ಬಳು ಕ್ರಿಸ್ತುವರ ಹುಡುಗಿ ಬೇಕಿತ್ತು. ಹುಡುಗಿ ಎಂದೆ, ಆಗಲೇ ನನಗೆ ಮೂವತ್ತು ದಾಟಿತ್ತು. ಅಮ್ಮ ತೀರಿಹೋಗಿದ್ದಳು. ಒಬ್ಬನೇ ಅಣ್ಣ ಬೊಂಬಾಯಿಯಲ್ಲಿ ಹಡಗಿನ ಕೆಲಸ ಹಿಡಿದು, ಕ್ರಿಸ್ಮಸ್ಸಿಗೆ ಒಂದು ಕಾರ್ಡು ಹಾಕುತ್ತಿದ್ದ. ಬಿಜೈಯಲ್ಲಿ ಒಂದು ಮನೆಯ ಹಿಂದಿನ ಕೋಣೆ ನನ್ನದು.

ಗಿರಾಕಿಗಳ ಅಡುಗೆಮನೆಯನ್ನು ಕೇಳಿ ತಿಳಿದುಕೊಂಡು, ಅದಕ್ಕೆ ಹೊಂದುವುದನ್ನು ಆರಿಸಿಕೊಡುವುದು ನನ್ನ ಕೆಲಸ. ಮನೆಯಲ್ಲಿ ಎಷ್ಟು ಜನ, ಬೆಳಿಗ್ಗೆ ಒಲೆ ಹೊತ್ತಿಸುವವರು ಯಾರು, ಮೀನು ಬರುತ್ತದೋ ಇಲ್ಲವೋ, ಎಲ್ಲಕ್ಕಿಂತ ಮೊದಲು — ಯಾವ ಅಕ್ಕಿ? ಈ ಊರಿನಲ್ಲಿ ಅದು ಗೊತ್ತಾಗದೆ ಒಲೆ ಮಾರಬಾರದು. ಬಿಳಿಯ ಬೆಳ್ತಿಗೆಯಾದರೆ ಯಾವ ಒಲೆಯಲ್ಲೂ ಬೆಂದೀತು. ನಮ್ಮ ಕೆಂಪು ಕುಚ್ಚಲಕ್ಕಿಗೆ ಒಂದೂವರೆ ಗಂಟೆ ಉರಿ ಬೇಕು. ಸಣ್ಣ ಬತ್ತಿಯ ಸ್ಟವ್ ತಲೆಗೆ ಕಟ್ಟಿ ಕಳುಹಿಸಿದರೆ ಆ ಮನೆಯ ಹೆಂಗಸು ಮಧ್ಯಾಹ್ನದವರೆಗೆ ನಮಗೆ ಶಾಪ ಹಾಕುತ್ತಾಳೆ. ಹಾಗಾಗಿ ನಾನು ಎಷ್ಟೋ ಜನರಿಗೆ ಬೇಡ ಎಂದೇ ಹೇಳುತ್ತಿದ್ದೆ. ಸುರತ್ಕಲ್ಲಿನ ಒಬ್ಬರು ಹಾಟ್ ಪ್ಲೇಟೇ ಬೇಕು ಎಂದು ಕುಣಿಯುತ್ತಿದ್ದರು. "ನಿಮ್ಮಲ್ಲಿ ಕರೆಂಟ್ ಉಂಟಾ?" ಎಂದೆ. "ಕಂಬ ಹಾಕಿದ್ದಾರೆ," ಎಂದರು. "ಕಂಬದಲ್ಲಿ ಅನ್ನ ಆಗುದಿಲ್ಲ ಅಣ್ಣ," ಎಂದು ವಾಪಸ್ಸು ಕಳುಹಿಸಿದೆ. ಧಣಿಗಳು ಪೇಪರು ಇಳಿಸಿ ನೋಡಿದರು. "ಅಲ್ಲ ಎಮಿಲಿ, ನೀನು ಮಾರ್ಲಿಕ್ಕೆ ನಿಂತದ್ದಾ, ಬೇಡ ಹೇಳ್ಲಿಕ್ಕೆ ನಿಂತದ್ದಾ ಮಾರಾಯ್ತಿ?" ಎಂದರು. ಆದರೆ ಹಾಗೆ ವಾಪಸ್ಸು ಹೋದವರು ಆರು ತಿಂಗಳಲ್ಲಿ ತಿರುಗಿ ನಮ್ಮಲ್ಲಿಗೇ ಬರುತ್ತಿದ್ದರು. ಒಲೆ ಅಂಗಡಿಯ ಬಾಯಮ್ಮ ಸುಳ್ಳು ಹೇಳುವುದಿಲ್ಲ ಎಂದು ಊರಿನಲ್ಲಿ ಹೆಸರಾಯಿತು. ನನಗೂ ಆ ಹೆಸರಿನ ಮೇಲೆ ಅಷ್ಟಿಷ್ಟಲ್ಲ, ತುಂಬ ಹೆಮ್ಮೆ ಇತ್ತು.

ನೀವು ಬಂದದ್ದು ಒಂದು ಗುರುವಾರ. ಕೊಳ್ಳಲು ಬಂದವರು ಸಾಮಾನು ನೋಡುತ್ತಾರೆ, ಹೊತ್ತು ಕಳೆಯಲು ಬಂದವರು ಮತ್ತೆ ಮತ್ತೆ ಬಾಗಿಲು ನೋಡುತ್ತಾರೆ. ನೀವು ಬಾಗಿಲು ನೋಡುತ್ತಿದ್ದಿರಿ. ಹಿಂದಿನ ಬೀದಿಯಲ್ಲಿ ವೈದ್ಯರಲ್ಲಿ ನಿಮ್ಮ ಅತ್ತೆಯ ಮೊಣಕಾಲಿಗೆ ಎಣ್ಣೆ ಹಾಕಿ ತಿಕ್ಕುತ್ತಿದ್ದರು. ವಾರಕ್ಕೊಮ್ಮೆ, ಒಂದು ಗಂಟೆ. ಆ ಒಂದು ಗಂಟೆ ನಿಮ್ಮದು. ಪೂಜೆ ಮಾಡುವ ಭಟ್ಟರ ಹೆಂಡತಿ ಪೇಟೆಯಲ್ಲಿ ಸುಮ್ಮನೆ ನಿಂತರೆ ನಾಲ್ಕು ಜನ ನೋಡುತ್ತಾರೆ, ಅಂಗಡಿಯಲ್ಲಿ ಏನಾದರೂ ಆರಿಸುತ್ತ ನಿಂತರೆ ಯಾರೂ ಕೇಳುವುದಿಲ್ಲ. ನಾನು ಸ್ಟೂಲ್ ಎಳೆದು ಕೊಟ್ಟೆ. "ಯಾವ ಅಕ್ಕಿ?" ಎಂದೆ. ನಗು ಬಂದುಬಿಟ್ಟಿತು ನಿಮಗೆ. "ಹೆಸರು ಕೇಳುವ ಮೊದ್ಲು ಅಕ್ಕಿ ಕೇಳುದಾ?" ಎಂದಿರಿ.

ಎರಡನೆಯ ವಾರವೋ ಮೂರನೆಯ ವಾರವೋ ನೀವು ನಿಜವಾದ ಸಂಗತಿ ಹೇಳಿದಿರಿ. ನಿಮಗೆ ಟೀಚರ್ಸ್ ಟ್ರೈನಿಂಗಿಗೆ ಹೋಗಬೇಕು. ಮದುವೆಗೆ ಮೊದಲೇ ಎಸ್ಸೆಸ್ಸೆಲ್ಸಿ ಪಾಸಾಗಿತ್ತು. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತದೆ, ಹೋದರೆ ಇದೇ ವರ್ಷ. ನಿಮ್ಮ ಗಂಡ ಅಮ್ಮ ಹೂಂ ಅಂದರೆ ತನ್ನದು ಅಡ್ಡಿಯಿಲ್ಲ ಎಂದಿದ್ದರು. ಅತ್ತೆಯೂ ಬೇಡ ಎಂದಿರಲಿಲ್ಲ. ಅವರದ್ದು ಒಂದೇ ಷರತ್ತು — ನೀವು ಮನೆ ಬಿಡುವ ಮೊದಲು ಮಧ್ಯಾಹ್ನದ ಅನ್ನ ಇಳಿದಿರಬೇಕು, ಒಲೆ ಆರಿರಬೇಕು. ಅದು ಹಟವೂ ಆಗಿರಲಿಲ್ಲ. ಅವರ ಕಣ್ಣಿಗೆ ಪೊರೆ ಬಂದಿತ್ತು, ಮೊಣಕಾಲು ಬಗ್ಗುತ್ತಿರಲಿಲ್ಲ. ಕುದಿಯುವ ಚರಿಗೆಯನ್ನು ಎತ್ತಿ ಗಂಜಿ ಬಸಿಯಲು ಅವರಿಂದ ಆಗುವಂತಿರಲಿಲ್ಲ. ನಿಮ್ಮ ಮನೆಯ ಕ್ರಮವೋ, ಮಡಿಯಲ್ಲಿ ದೇವರ ನೈವೇದ್ಯ ಆಗಿ ಇಳಿದ ಮೇಲೆಯೇ ಮನೆಯವರ ಅಕ್ಕಿ ಒಲೆಗೆ ಏರಬೇಕು. ಅಷ್ಟರಲ್ಲಿ ಏಳು ಗಂಟೆ. ಆಮೇಲೆ ಕುಚ್ಚಲಕ್ಕಿಗೆ ಒಂದೂವರೆ ಗಂಟೆ. ಪಡೀಲಿನಿಂದ ನಿಮ್ಮ ಬಸ್ಸು ಎಂಟಕ್ಕೆ.

"ಅರ್ಧ ಗಂಟೆಯಲ್ಲಿ ಕುಚ್ಚಲಕ್ಕಿ ಬೇಯಿಸುವ ಒಲೆ ಎಂತದಾದ್ರೂ ಉಂಟಾ ನಿಮ್ಮ ಅಂಗಡಿಯಲ್ಲಿ?" ಎಂದು ಕೇಳಿದಿರಿ. ತಮಾಷೆಗೆ ಕೇಳಿದ ಹಾಗೆ ಕೇಳಿದಿರಿ, ಆದರೆ ಕೈ ಸೆರಗಿನ ತುದಿ ತಿರುಚುತ್ತಿತ್ತು. ಕುಕ್ಕರ್ ಬಂದು ಆಗ ಹೆಚ್ಚು ದಿನ ಆಗಿರಲಿಲ್ಲ. ಜೊತೆಗೆ ಬಂದ ಇಂಗ್ಲಿಷ್ ಪುಸ್ತಕದಲ್ಲಿ ಬಟಾಟೆ, ಬೇಳೆ, ಬಿಳಿ ಅಕ್ಕಿ ಎಲ್ಲ ಇತ್ತು. ನಮ್ಮ ಅಕ್ಕಿಯ ಸುದ್ದಿ ಇರಲಿಲ್ಲ. ನಾನು ಮಾಡಿ ನೋಡುತ್ತೇನೆ ಎಂದೆ. ಮುಂದಿನ ಗುರುವಾರ ನೀವು ಒಂದು ಬಟ್ಟೆಯ ಗಂಟು ತಂದಿರಿ. "ಬೇರೆ ಅಕ್ಕಿ ಬೇಡ. ನಮ್ಮ ಮನೆಯದ್ದರಲ್ಲೇ ನೋಡಿ," ಎಂದಿರಿ.

ಆ ಗುರುವಾರಗಳನ್ನು ಹೇಗೆ ಬರೆಯಲಿ — ನಿಮಗೆ ಅವು ವಾರದ ಒಂದು ಗಂಟೆಯಷ್ಟೆ. ನಮ್ಮ ಮಾತು ತುಳುವಿನಲ್ಲಿ ಶುರುವಾದದ್ದು, ನೀವೇ ಕನ್ನಡಕ್ಕೆ ತಿರುಗಿಸಿದಿರಿ. ಟೀಚರ್ ಆಗುವವಳು ಅಭ್ಯಾಸ ಮಾಡಬೇಕಲ್ಲ ಎಂದು ನನ್ನನ್ನೇ ಕ್ಲಾಸು ಮಾಡಿಕೊಂಡಿರಿ. ನಾನು ಬರೆದ ಬೆಲೆಚೀಟಿಗಳನ್ನು ಒಂದೊಂದೇ ತೆಗೆದು, ಒತ್ತಕ್ಷರ ಎಲ್ಲಿ ತಪ್ಪಿದ್ದೇನೆ ಎಂದು ತೋರಿಸಿ, ಬೈಯದೆ, ನಗದೆ ತಿದ್ದಿಸುತ್ತಿದ್ದಿರಿ. ನನ್ನ ಕಾನ್ವೆಂಟಿನ ಸಿಸ್ಟರುಗಳು ಅಷ್ಟು ತಾಳ್ಮೆ ತೋರಿಸಿರಲಿಲ್ಲ. ಈ ಕಾಗದದಲ್ಲಿ ತಪ್ಪು ಕಡಿಮೆ ಇದ್ದರೆ ಅದು ನೀವು ಕಲಿಸಿದ್ದು.

ಮತ್ತೊಂದು ಸಂಗತಿ. ಒಂದು ದಿನ ನೀವು ಇದ್ದಕ್ಕಿದ್ದ ಹಾಗೆ ಕೇಳಿದಿರಿ: "ಊರಿಗೆಲ್ಲ ಒಲೆ ಆರಿಸಿ ಕೊಡ್ತೀರಿ. ನೀವು ಎಂತದ್ರಲ್ಲಿ ಬೇಯಿಸುದು?" ಒಂದು ಬತ್ತಿಯ ಸ್ಟವ್ ಎಂದೆ. "ಒಬ್ರೇ ಊಟ ಮಾಡುದಾ?" ಎಂದಿರಿ. ಹೌದು ಎಂದೆ. "ಒಬ್ರಿಗೆ ಎಷ್ಟು ಅಕ್ಕಿ ಹಾಕುದು ಹೇಳಿಯೇ ನಂಗೆ ಗೊತ್ತಿಲ್ಲ," ಎಂದಿರಿ. ಸಾವಿರಾರು ಅಡುಗೆಮನೆಗಳನ್ನು ನಾನು ವಿಚಾರಿಸಿದ್ದೆ. ನನ್ನದನ್ನು ವಿಚಾರಿಸಿದ್ದು ನೀವೊಬ್ಬರೇ. ಅಂದು ಕೋಣೆಗೆ ಹೋಗಿ ಸ್ಟವ್ ಹೊತ್ತಿಸದೆ ಅತ್ತುಬಿಟ್ಟೆ. ದುಃಖಕ್ಕೋ, ಸಂತೋಷಕ್ಕೋ — ಹೋಗಲಿ, ಅದು ಈಗ ಬೇಡ.

ಭಾನುವಾರ ಪೂಜೆ ಮುಗಿಸಿ ಇಗರ್ಜಿಯಿಂದ ಬಂದು, ಅಂಗಡಿಯ ಮಾದರಿ ಕುಕ್ಕರನ್ನು ಕೋಣೆಯಲ್ಲಿ ಇಟ್ಟು ಪ್ರಯತ್ನ ಮಾಡಿದೆ. ಮೊದಲ ಸಲ ಗಂಜಿ ಉಕ್ಕಿ ಮುಚ್ಚಳದ ತೂತಿಗೆ ಹೊಟ್ಟು ಸಿಕ್ಕಿ, ನಾನು ಹೆದರಿ ಅಂಗಳಕ್ಕೆ ಓಡಿದೆ. ಎರಡನೆಯ ಭಾನುವಾರ ಅಕ್ಕಿ ಒಡೆದು ಗೋಂದು ಆಯಿತು. ಮೂರನೆಯ ಭಾನುವಾರ — ಅಕ್ಕಿಯನ್ನು ತೊಳೆದು ಬಿಸಿನೀರಿನಲ್ಲಿ ಅರ್ಧ ಗಂಟೆ ಇಟ್ಟೆ. ಅದನ್ನು ನೈವೇದ್ಯ ಬೇಯುವಾಗಲೇ ಪಕ್ಕದಲ್ಲಿ ನೆನೆಸಿಡಬಹುದು, ನಿಮ್ಮ ಹೊತ್ತು ಹಾಳಾಗುವುದಿಲ್ಲ ಎಂದೂ ಯೋಚಿಸಿದೆ. ಕುಕ್ಕರಿನ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತುಂಬಿಸಲಿಲ್ಲ. ಉಕ್ಕಬಾರದೆಂದು ನಾಲ್ಕು ಹನಿ ತೆಂಗಿನೆಣ್ಣೆ ಬಿಟ್ಟೆ. ಸೀಟಿ ಬಂದ ಮೇಲೆ ಉರಿ ತಗ್ಗಿಸಿ, ಗಡಿಯಾರ ನೋಡುತ್ತ ಕೂತೆ. ಸ್ಟವ್ ಮೇಲೆ ಒಟ್ಟು ನಲವತ್ತು ನಿಮಿಷ. ಮುಚ್ಚಳ ತೆಗೆದರೆ ಅಗುಳು ಅಗುಳಾಗಿ, ಒಡೆಯದೆ, ಕೆಂಪಗೆ, ಒಲೆಯ ಅನ್ನಕ್ಕೆ ಕಡಿಮೆ ಇಲ್ಲದ ಹಾಗೆ ಬೆಂದಿತ್ತು. ಅಯ್ಯೋ ದೇವರೇ, ಎಷ್ಟು ಕುಣಿದೆ ಗೊತ್ತುಂಟಾ ನಿಮಗೆ! ಒಣಮೀನಿನ ಚಟ್ನಿಯಲ್ಲಿ ನಿಮ್ಮ ಮನೆಯ ಅನ್ನ ಉಂಡೆ. ಭಟ್ಟರ ಮನೆಯ ಅಕ್ಕಿಗೆ ಮೀನಿನ ಚಟ್ನಿ ಎಂದು ಒಬ್ಬಳೇ ನಕ್ಕೆ. ಗುರುವಾರ ಯಾವಾಗ ಬಂದೀತು ಎಂದು ಕಾದೆ.

ಗುರುವಾರ ಬಂತು. ನೀವು ಮೆಟ್ಟಿಲು ಹತ್ತುತ್ತಲೇ, ಸ್ಟೂಲಿನಲ್ಲಿ ಕೂರುವ ಮೊದಲೇ ಕೇಳಿದಿರಿ. "ಎಂತ ಆಯ್ತು?"

ಇಲ್ಲಿ ನಾನು ನಿಲ್ಲಬೇಕು. ನಿಂತು, ನಿಜವಾಗಿ ನೋಡಬೇಕು. ಆ ಹೊತ್ತಿನಲ್ಲಿ ನನ್ನ ಬಾಯಲ್ಲಿ ಇದ್ದದ್ದು "ಬೆಂತು, ಬೆಂತು" ಎಂಬ ಮಾತೇ. ಆದರೆ ಅದು ಹೊರಬರುವ ಮೊದಲು ನನಗೆ ಒಂದು ಕಂಡಿತು. ಬೆಂತು ಎಂದರೆ ನೀವು ಕುಕ್ಕರ್ ಆರಿಸಿ ಆಯಿತು. ಆರಿಸಿ ಆದ ಗಿರಾಕಿ ಅಂಗಡಿಯಲ್ಲಿ ಕೂರುವುದಿಲ್ಲ. ಮುಂದಿನ ತಿಂಗಳು ಟ್ರೈನಿಂಗ್ ಶುರು, ಅಲ್ಲಿ ನಿಮಗೆ ನಿಮ್ಮಂಥವರೇ ಇಪ್ಪತ್ತು ಮೂವತ್ತು ಜನ ಸಿಗುತ್ತಾರೆ. ಸ್ಟೂಲು ಖಾಲಿ. ಇಷ್ಟೆಲ್ಲ ಯೋಚಿಸಲು ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿದರೆ — ಒಂದು ಉಸಿರು. "ಇನ್ನೂ ಸರಿ ಆಗ್ಲಿಲ್ಲ. ಇನ್ನೊಂದು ವಾರ ನೋಡುವ," ಎಂದೆ.

ಇನ್ನೊಂದು ವಾರ, ಇನ್ನೊಂದು ವಾರ. ನೀವು ಪ್ರತಿ ಸಲವೂ ಗಂಟಿನಲ್ಲಿ ಅಕ್ಕಿ ತಂದಿರಿ. ನಾನು ಪ್ರತಿ ಭಾನುವಾರವೂ ಅದನ್ನು ಅದೇ ಕುಕ್ಕರಿನಲ್ಲಿ ಬೇಯಿಸಿ, ಚೆನ್ನಾಗಿ ಬೆಂದ ಅನ್ನವನ್ನು ಉಂಡು, ಗುರುವಾರ ಬೇಯಲಿಲ್ಲ ಎಂದೆ. ಮೂರು ಗುರುವಾರ. ಅರ್ಜಿ ಹಾಕುವ ಕೊನೆಯ ದಿನಕ್ಕೆ ಇನ್ನೂ ಹೊತ್ತಿದೆ, ಸಮಯಕ್ಕೆ ಸರಿಯಾಗಿ ಹೇಳಿಬಿಡುತ್ತೇನೆ, ಯಾರಿಗೂ ನಷ್ಟವಿಲ್ಲ — ಹೀಗೆ ನನ್ನನ್ನು ನಾನೇ ಸಮಾಧಾನ ಮಾಡುತ್ತಿದ್ದೆ. ಹೇಳುವ ಇರಾದೆಯೂ ಇತ್ತು. ಇತ್ತು ಎಂದೇ ಅಂದುಕೊಂಡಿದ್ದೇನೆ.

ನಾಲ್ಕನೆಯ ಗುರುವಾರ ನಿಮ್ಮೊಡನೆ ನಿಮ್ಮ ಅತ್ತೆಯೂ ಬಂದರು. ಅದನ್ನು ನಾನು ನಿರೀಕ್ಷಿಸಿರಲಿಲ್ಲ. ಎಣ್ಣೆ ತಿಕ್ಕಿಸಿಕೊಂಡು, ನಿಮ್ಮ ಭುಜ ಹಿಡಿದು, ಮೂರು ಮೆಟ್ಟಿಲನ್ನು ಮೂರು ಸಲ ನಿಂತು ಹತ್ತಿದರು. ಕಂಕುಳಲ್ಲಿ ದೊಡ್ಡ ಬಟ್ಟೆಯ ಚೀಲ, ಕೊಂಡರೆ ಹೊತ್ತೊಯ್ಯಲು. ನಾನು ನೆನೆಸಿದ್ದ ಗಯ್ಯಾಳಿ ಅತ್ತೆ ಅಲ್ಲ ಅವರು. ಸ್ಟೂಲಿನಲ್ಲಿ ಕೂತು ಕುಕ್ಕರನ್ನು ಮಡಿಲಿಗೆ ಎಳೆದುಕೊಂಡು, ಕಣ್ಣು ಸರಿ ಕಾಣದೆ ಬೆರಳಿನಿಂದಲೇ ಸುತ್ತಲೂ ಮುಟ್ಟಿ ನೋಡಿದರು.

"ಇದು ಎಂತ, ಮೆತ್ತಗೆ?"

"ರಬ್ಬರ್ ಅಮ್ಮ. ಆವಿ ಹೊರಗೆ ಹೋಗ್ಬಾರ್ದಲ್ಲ."

ಅವರು ಅದನ್ನು ಇನ್ನೊಮ್ಮೆ ಬೆರಳಿನಿಂದ ಒತ್ತಿದರು. "ರಬ್ಬರ್ ದೇವರದ್ದಕ್ಕೆ ಆಗ್ಲಿಕ್ಕಿಲ್ಲ. ನಮಗೆ ಉಣ್ಲಿಕ್ಕೆ ಅಡ್ಡಿ ಇಲ್ಲ," ಎಂದರು. ಅಷ್ಟು ಮಡಿಯ ಆ ಹೆಂಗಸು ನಿಮಗೋಸ್ಕರ ಅಷ್ಟು ದೂರ ಬಂದಿದ್ದರು. ಮತ್ತೆ ನನ್ನ ಕಡೆ ಮುಖ ಎತ್ತಿ ಹೇಳಿದರು: "ನೋಡಿ ಬಾಯಮ್ಮ, ನನಗೆ ಇದೆಲ್ಲ ಅರ್ಥ ಆಗುದಿಲ್ಲ. ನೀವು ಸುಳ್ಳು ಹೇಳುದಿಲ್ಲ ಹೇಳಿ ಎಲ್ಲರೂ ಹೇಳ್ತಾರೆ. ಇವಳಿಗೆ ನಾಡಿದ್ದು ಶನಿವಾರ ಅರ್ಜಿ ಕೊಡ್ಲಿಕ್ಕೆ ಉಂಟು. ನಮ್ಮ ಅಕ್ಕಿ ಇದ್ರಲ್ಲಿ ಬೇಯ್ತದಾ? ಬೇಯ್ತದೆ ಹೇಳಿದ್ರೆ ಈಗ್ಲೇ ತಕೊಂಡು ಹೋಗ್ತೇನೆ, ಇವಳು ಹೋಗ್ಲಿ ಕಲೀಲಿಕ್ಕೆ. ಇಲ್ಲ ಹೇಳಿದ್ರೆ ಬೇಡ. ನಿಮ್ಮ ಮಾತು."

ನೀವು ಅವರ ಹಿಂದೆ ನಿಂತಿದ್ದಿರಿ. ನನ್ನನ್ನೇ ನೋಡುತ್ತಿದ್ದಿರಿ. ಸಮಯಕ್ಕೆ ಸರಿಯಾಗಿ ಹೇಳುತ್ತೇನೆ ಎಂದುಕೊಂಡಿದ್ದ ಆ ಸಮಯ ಅದೇ. ಬೇಯುತ್ತದೆ ಎಂದರೆ, ಮೂರು ವಾರ ಯಾಕೆ ಹೇಳಲಿಲ್ಲ ಎಂದು ನೀವು ಕೇಳುತ್ತೀರಿ ಎಂಬ ಹೆದರಿಕೆ ಒಂದು. ನಿನ್ನೆಯಷ್ಟೇ ಗೊತ್ತಾಯಿತು ಎಂದರೆ ಮುಗಿಯುತ್ತಿತ್ತು, ನೀವು ನಂಬುತ್ತಿದ್ದಿರಿ. ಹಾಗಾಗಿ ಹೆದರಿಕೆಯ ಮೇಲೆ ಹಾಕಲಾರೆ. ನೀವು ಹೋಗಬಾರದು ಎಂದು ಇತ್ತು ನನಗೆ. ಅಷ್ಟೆ. ಅದಕ್ಕಿಂತ ದೊಡ್ಡ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

"ಇಲ್ಲ ಅಮ್ಮ," ಎಂದೆ. "ಕುಚ್ಚಲಕ್ಕಿ ಇದ್ರಲ್ಲಿ ಬೇಯುದಿಲ್ಲ. ಗಂಜಿ ಉಕ್ಕಿ ಮೇಲಿನ ತೂತು ಕಟ್ತದೆ. ಅಪಾಯ. ನಿಮ್ಮ ಮನೆಗೆ ಇದು ಬೇಡ."

ಮೊದಲ ಭಾನುವಾರ ತೂತು ಕಟ್ಟಿದ್ದು ನಿಜವೇ ಅಲ್ಲವೇ. ಆ ಒಂದು ಚೂರು ನಿಜವನ್ನು ಹಿಡಿದುಕೊಂಡೇ ಹೇಳಿದೆ. ಅತ್ತೆ ಕುಕ್ಕರನ್ನು ಮಡಿಲಿನಿಂದ ನಿಧಾನ ಕೆಳಗೆ ಇಟ್ಟರು. "ಇದ್ದದ್ದು ಇದ್ದ ಹಾಗೆ ಹೇಳಿದ್ರಲ್ಲ, ದೇವರು ಒಳ್ಳೇದು ಮಾಡ್ಲಿ ನಿಮಗೆ," ಎಂದರು. ನೀವು ಅಳಲಿಲ್ಲ. ನನ್ನ ಹತ್ತಿರ ಬಂದು, ನನ್ನ ಮೊಣಕೈ ಮುಟ್ಟಿ, ತಗ್ಗಿದ ದನಿಯಲ್ಲಿ, "ನೀವಾದ್ರೂ ಎಂತ ಮಾಡ್ತೀರಿ. ಎಷ್ಟು ಸಲ ಮಾಡಿ ನೋಡಿದ್ರಿ ಪಾಪ," ಎಂದಿರಿ. ಆ ಪಾಪ ಎಂಬ ಶಬ್ದ ಈಗಲೂ ಕಿವಿಯಲ್ಲಿ ಇದೆ.

ಮರುದಿನ ಶುಕ್ರವಾರ. ಇನ್ನೂ ಒಂದು ದಿನ ಇತ್ತು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಬಸ್ಸು ಹತ್ತಿದೆ, ಪಡೀಲಿಗೆ ಟಿಕೇಟನ್ನೂ ತೆಗೆದೆ. ದಾರಿಯುದ್ದಕ್ಕೂ ಮಾತು ಜೋಡಿಸುತ್ತಿದ್ದೆ — ಇನ್ನೊಂದು ಸಲ ನೋಡಿದೆ, ಈಗ ಆಯಿತು, ಹೀಗೆ ಮಾಡಿ, ಹಾಗೆ ಮಾಡಿ... ಕಂಕನಾಡಿಯಲ್ಲಿ ಇಳಿದುಬಿಟ್ಟೆ. ಅಲ್ಲಿಂದ ನಡೆದುಕೊಂಡು ಅಂಗಡಿಗೆ ವಾಪಸ್ಸು ಬಂದೆ. ಯಾರೂ ನನ್ನನ್ನು ತಡೆದಿರಲಿಲ್ಲ, ಬಸ್ಸು ಕೆಟ್ಟಿರಲಿಲ್ಲ. ಶನಿವಾರ ಇಡೀ ದಿನ ಅಂಗಡಿಯಲ್ಲಿ ನಿಂತು ಒಬ್ಬಳು ಹೊಸ ಮದುಮಗಳಿಗೆ ಎರಡು ಬತ್ತಿಯ ಸ್ಟವ್ ಆರಿಸಿಕೊಟ್ಟೆ.

ಇಷ್ಟು ಮಾಡಿ ನನಗೆ ಸಿಕ್ಕಿದ್ದು ಎಷ್ಟು ಎಂದು ಹೇಳಲೇ? ಎರಡು ಗುರುವಾರ. ಅವೂ ಹಿಂದಿನ ಹಾಗಿರಲಿಲ್ಲ. ನೀವು ಬಂದು ಕೂತು, ಬೆಲೆಚೀಟಿ ಕೈಗೆ ತೆಗೆದುಕೊಂಡು, ತಿದ್ದದೆ ಕೆಳಗೆ ಇಟ್ಟಿರಿ. ಕನ್ನಡ ಬಿಟ್ಟು ತುಳುವಿಗೆ ಹೋದಿರಿ. ಮೂರನೆಯ ಗುರುವಾರ ಬರಲಿಲ್ಲ. ಅತ್ತೆಯ ಮೊಣಕಾಲು ವಾಸಿಯಾಯಿತು, ವೈದ್ಯರು ಇನ್ನು ಬೇಡ ಎಂದರು ಎಂದು ಆಮೇಲೆ ಯಾರೋ ಹೇಳಿದರು. ನಾನು ಏನೂ ಮಾಡದಿದ್ದರೂ ನೀವು ಆ ತಿಂಗಳು ಬರುವುದನ್ನು ನಿಲ್ಲಿಸುತ್ತಿದ್ದಿರಿ.

ಇದರ ಮೇಲೆ ಇನ್ನೊಂದು. ನಿಮ್ಮ ಅತ್ತೆ ಹೋದಲ್ಲೆಲ್ಲ ನನ್ನ ಸುದ್ದಿ ಹೇಳಿದರು. ಕೊಳ್ಳಲು ಚೀಲ ಹಿಡಿದು ಹೋದವರಿಗೆ ಬೇಡ ಎಂದಳು, ಅಂಥ ಸತ್ಯವಂತೆ! ಪಡೀಲಿನ ಕಡೆಯಿಂದ, ಕದ್ರಿಯಿಂದ, ಅಗ್ರಹಾರದ ಮನೆಗಳಿಂದ ಹೆಂಗಸರು ನನ್ನನ್ನೇ ಹುಡುಕಿಕೊಂಡು ಬಂದರು. ಧಣಿಗಳು ಖುಷಿಯಲ್ಲಿ, "ನಿನ್ನ ಬೇಡವೇ ನಮಗೆ ವ್ಯಾಪಾರ ತರ್ತದೆ ಮಾರಾಯ್ತಿ," ಎಂದರು. ಬಂದವರೆಲ್ಲ ಕೇಳಿದ್ದು ಅದನ್ನೇ: ಕುಕ್ಕರಿನಲ್ಲಿ ಕುಚ್ಚಲಕ್ಕಿ ಆಗುತ್ತದೆಯೇ? ಒಬ್ಬರಿಗೆ ಆಗುತ್ತದೆ ಎಂದು ಹೇಳಿಕೊಟ್ಟರೂ ಅದು ನಾಳೆ ನಿಮ್ಮ ಕಿವಿಗೆ ಬೀಳುತ್ತದೆ. ಹಾಗಾಗಿ ಎಲ್ಲರಿಗೂ ಇಲ್ಲ ಎಂದೆ. ಎರಡು ವರ್ಷ ಹಾಗೆಯೇ ಹೇಳಿದೆ, ಸುಮತಿ. ಒದ್ದೆ ಸೌದೆಗೆ ಊದಿ ಊದಿ ಕಣ್ಣು ಕೆಂಪಾದವರ ಮುಖ ನೋಡಿಕೊಂಡೇ ಹೇಳಿದೆ. ಕೊನೆಗೆ ಬೇರೆ ಅಂಗಡಿಯವರು ಬಾಗಿಲಲ್ಲೇ ಸ್ಟವ್ ಹೊತ್ತಿಸಿ ಕುಚ್ಚಲಕ್ಕಿ ಬೇಯಿಸಿ ತೋರಿಸಿದರು. ಊರಿಗೆಲ್ಲ ಗೊತ್ತಾಯಿತು. ನನಗೂ ಆಗಲೇ ಗೊತ್ತಾದ ಹಾಗೆ ಆಶ್ಚರ್ಯಪಟ್ಟೆ.

ನಮ್ಮಲ್ಲಿ ಪಾದ್ರಿಯ ಮುಂದೆ ಮೊಣಕಾಲೂರಿ ಪಾಪ ಹೇಳಿಕೊಳ್ಳುವ ಕ್ರಮ ಉಂಟು, ಕುಮ್ಸಾರ್ ಎನ್ನುತ್ತೇವೆ. ಅಲ್ಲಿ ಪಾಪವನ್ನು ಎಣಿಸಿ ಹೇಳುವುದು ನಮಗೆ ಬಾಲ್ಯದ ಅಭ್ಯಾಸ: ಸಿಟ್ಟು ಮಾಡಿದ್ದು ಇಷ್ಟು ಸಲ, ಪ್ರಾರ್ಥನೆ ತಪ್ಪಿಸಿದ್ದು ಇಷ್ಟು ಸಲ, ಸುಳ್ಳು ಇಷ್ಟು. ಆ ವಾರ ನಾನು "ಸುಳ್ಳು, ನಾಲ್ಕು" ಎಂದೆ. ನಿಮ್ಮದು ಆ ನಾಲ್ಕರಲ್ಲಿ ಒಂದು. ಮನೆಯೊಡತಿಗೆ ತಲೆನೋವು ಎಂದು ಹೇಳಿ ಪ್ರಾರ್ಥನೆಗೆ ಹೋಗದಿದ್ದದ್ದು ಇನ್ನೊಂದು. ಪಾದ್ರಿ ಎಂತ ಸುಳ್ಳು ಎಂದು ಕೇಳಲಿಲ್ಲ. ಪ್ರಾಯಶ್ಚಿತ್ತಕ್ಕೆ ಮೂರು ನಮೋ ಮರಿಯಾ ಜಪ ಹೇಳು ಎಂದರು. ಹ್ಞಾಂ, ಹೇಳಿದೆ. ಎದ್ದು ಬರುವಾಗ ಹಗುರವಾಗಬೇಕಿತ್ತು, ಆಗಲಿಲ್ಲ. ಕೇಳಬೇಕಾದವರ ಹತ್ತಿರ ಹೇಳದೆ ದೇವರಿಗೆ ಎಣಿಸಿ ಒಪ್ಪಿಸಿದ್ದೆ. ಆಮೇಲೆ ಎಷ್ಟೋ ಸಲ ಅದೇ ಮೊಣಕಾಲಿನಲ್ಲಿ ಕೂತೆ, ಬಾಯಿ ಮಾತ್ರ ತೆರೆಯಲಿಲ್ಲ.

ಒಂಟಿಯಾಗಿದ್ದೆ, ಅದಕ್ಕೆ ಹೀಗಾಯಿತು ಎಂದು ಹೇಳಿದರೆ ನೀವು ಕ್ಷಮಿಸಿಬಿಡುತ್ತೀರಿ. ನಿಮ್ಮ ಸ್ವಭಾವ ಹಾಗೆ. ದಯವಿಟ್ಟು ಬೇಡ. ನನ್ನ ಹಾಗೆ ಒಂದೇ ಬತ್ತಿಯ ಸ್ಟವ್ ಉರಿಸುವ ಹೆಂಗಸರು ಈ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರು ಯಾರೂ ಇನ್ನೊಬ್ಬರ ಬಾಗಿಲು ಹಾಕಲಿಲ್ಲ.

ಕಳೆದ ತಿಂಗಳು ನೀವು ಅಂಗಡಿಗೆ ಬಂದಿರಿ. ಆರೇಳು ವರ್ಷ ಆಗಿತ್ತು. ಈಗ ನಮ್ಮ ಅಂಗಡಿ ದೊಡ್ಡದಾಗಿದೆ. ಪಣಂಬೂರಿನಲ್ಲಿ ಬಂದರಿನ ಕೆಲಸ ಶುರುವಾದ ಮೇಲೆ ಹೊರಗಿನ ಊರುಗಳ ಸಂಸಾರಗಳು ಬಂದು ಕುಕ್ಕರ್, ಗ್ಯಾಸ್ ಎಂದೆಲ್ಲ ಕೇಳುತ್ತಾರೆ. ಗುಂಪಿನಲ್ಲಿ ನಿಮ್ಮ ದನಿ ಕೇಳಿ ನನ್ನ ಕೈಯಲ್ಲಿದ್ದ ಮುಚ್ಚಳ ಬಿತ್ತು. ಜೊತೆಗೆ ಮಗಳು, ಅವಳಿಗೆ ಐದೋ ಆರೋ. ಅತ್ತೆ ಹೋಗಿ ವರ್ಷವಾಯಿತು ಎಂದಿರಿ. "ಈಗ ಎಲ್ಲರೂ ಇದ್ರಲ್ಲೇ ಮಾಡುದಂತೆ, ನಂಗೂ ಒಂದು ಆರಿಸಿ ಕೊಡಿ," ಎಂದಿರಿ. ನಾನು ಆರಿಸಿದೆ. ಬಿಸಿನೀರಿನಲ್ಲಿ ನೆನೆಸುವುದು, ಮೂರರಲ್ಲಿ ಒಂದು ಪಾಲು, ನಾಲ್ಕು ಹನಿ ತೆಂಗಿನೆಣ್ಣೆ ಎಲ್ಲ ಹೇಳಿಕೊಟ್ಟೆ. "ಎಣ್ಣೆ ಬಿಡುದು! ಯಾರಪ್ಪ ಕಂಡುಹಿಡಿದದ್ದು ಇದನ್ನು!" ಎಂದು ನೀವು ಬೆರಗಾದಿರಿ. ನಾನು ತಲೆ ತಗ್ಗಿಸಿ ರಬ್ಬರನ್ನು ಒರೆಸುತ್ತಿದ್ದೆ.

ಆಮೇಲೆ ನೀವು ಕೇಳಿದಿರಿ: "ಆಗಿನ ಕುಕ್ಕರ್ ಬೇರೆ ಅಲ್ವಾ? ಇದು ಸುಧಾರಿಸಿದ್ದು ಅಲ್ವಾ?" ನಿಮಗೆ ಸಂಶಯ ಇತ್ತೋ, ಇಲ್ಲ ನನಗೆ ತಪ್ಪಿಸಿಕೊಳ್ಳಲು ದಾರಿ ಮಾಡಿಕೊಟ್ಟಿರೋ, ಗೊತ್ತಿಲ್ಲ. ಅದೇ ಕುಕ್ಕರ್, ಸುಮತಿ. ಹಿಡಿಯ ಬಣ್ಣ ಕೂಡ ಬದಲಾಗಿಲ್ಲ. "ಹೌದು, ಬೇರೆ," ಎಂದೆ. ಮತ್ತೊಮ್ಮೆ ನಿಮ್ಮ ಮುಖ ನೋಡಿಯೇ ಸುಳ್ಳು ಹೇಳಿದೆ, ಆ ಸಲ ನನಗೆ ಯಾವ ಸ್ಟೂಲು ಖಾಲಿಯಾಗುವ ಭಯವೂ ಇರಲಿಲ್ಲ.

ಅಷ್ಟರಲ್ಲಿ ನಿಮ್ಮ ಮಗಳು ಗೋಡೆಯ ಮೇಲಿನ ಬೋರ್ಡನ್ನು ಅಕ್ಷರ ಕೂಡಿಸಿ ಓದುತ್ತಿದ್ದಳು. ಒಂದು ಕಡೆ ತೊದಲಿದಳು. ನೀವು ಚೀಲವನ್ನು ನೆಲಕ್ಕೆ ಇಟ್ಟು, ಅವಳ ಎತ್ತರಕ್ಕೆ ಕೂತು, ಬೆರಳಿನಿಂದ ಗಾಳಿಯಲ್ಲಿ ಒತ್ತಕ್ಷರ ಬರೆದು ತೋರಿಸಿದಿರಿ. ಅವಳು ಮತ್ತೆ ತಪ್ಪಿದಳು. ನೀವು ಮತ್ತೆ ಬರೆದಿರಿ. ಹಿಂದೆ ನಿಂತ ಗಿರಾಕಿಗಳು ದಾರಿ ಬಿಡಿ ಎಂದು ಹೇಳುವ ಬದಲು ನಿಂತು ನೋಡಿದರು. ಸರಿಯಾಗಿ ಓದಿದ ಮೇಲೆ ಎದ್ದು, ನನಗೆ ನಗುತ್ತ ಹೇಳಿದಿರಿ: "ಈಗ ಇವಳೊಬ್ಳಿಗೆ ಟೀಚರ್ ನಾನು. ಅದು ಹೋಗ್ಲಿ, ಹಣೆಯಲ್ಲಿ ಬರೆದಿರ್ಲಿಲ್ಲ. ದೇವರು ಬೇಡ ಹೇಳಿದ ಮೇಲೆ ನಾವು ಎಂತ ಮಾಡುದು?"

ನಾನು ಚೀಲವನ್ನು ಎತ್ತಿ ನಿಮ್ಮ ಕೈಗೆ ಕೊಟ್ಟೆ. ನೀವು ಮಗಳ ಕೈ ಹಿಡಿದು, ಚೀಲ ಹೊತ್ತು, ಬಸ್ಸಿಗೆ ಹೋದಿರಿ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಅಂಚೆಗೆ ಹಾಕಿದರೆ ನೀವು ಓದುವಾಗ ನಾನು ದೂರದಲ್ಲಿ ಇರುತ್ತೇನೆ, ಅದು ನನಗೆ ಸುಲಭ. ಬರುವ ಭಾನುವಾರ ಪಡೀಲಿನವರೆಗೂ ಬಸ್ಸಿನಲ್ಲಿ ಬಂದು ನಿಮ್ಮ ಕೈಗೇ ಕೊಡುತ್ತೇನೆ, ಓದಿ ಮುಗಿಯುವವರೆಗೆ ಅಂಗಳದಲ್ಲಿ ನಿಂತಿರುತ್ತೇನೆ. ಬೈದರೆ ಕೇಳಿಕೊಳ್ಳುತ್ತೇನೆ. ಏನೂ ಹೇಳದೆ ಬಾಗಿಲು ಹಾಕಿಕೊಂಡರೆ ವಾಪಸ್ಸು ಬರುತ್ತೇನೆ. ನಿಮ್ಮ ವರ್ಷಗಳನ್ನು ತಿರುಗಿ ಕೊಡಲು ನನ್ನಲ್ಲಿ ಏನೂ ಇಲ್ಲ. ಹಣೆಬರಹ ಎಂಬ ಆ ಮಾತೊಂದನ್ನು ನಿಮ್ಮ ಬಾಯಿಂದ ತೆಗೆದುಹಾಕುವುದು ಮಾತ್ರ ನನ್ನಿಂದ ಆಗುತ್ತದೆ.

ನಿಮ್ಮ ಗಂಡ ಬೆಳಗಾಗೆದ್ದು ಪೂಜೆ ಮಾಡುವ ಆ ದೇವರು ನಿಮಗೆ ಬೇಡ ಅಂದಿರಲಿಲ್ಲ. ಗಂಡ ಅಂದಿರಲಿಲ್ಲ. ಕಣ್ಣು ಕಾಣದ ಆ ಅತ್ತೆಯೂ ಅಂದಿರಲಿಲ್ಲ. ಇಡೀ ಊರಿನಲ್ಲಿ ಬೇಡ ಅಂದದ್ದು ನಾನೊಬ್ಬಳೇ.